ತಾಂಜಾನಿಯಾ ಒಕ್ಕೂಟ: ಸಹಿ ಇದೆ, ಅನುಮೋದನೆ ಎಲ್ಲಿದೆ?

ಪ್ರಶ್ನೆ: ನಾನು ಬಳ್ಳಾರಿ ಕಡೆಯವನು, ನಾಲ್ಕು ವರ್ಷದಿಂದ ದಾರ್ ಎಸ್ ಸಲಾಮ್‌ನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಇಲ್ಲಿ ಏಪ್ರಿಲ್ 26 ಒಕ್ಕೂಟ ದಿನ, ಸರ್ಕಾರಿ ರಜೆ. ನನ್ನ ಸಹೋದ್ಯೋಗಿಯೊಬ್ಬರು ಜಾಂಜಿಬಾರ್‌ನವರು. ‘ಈ ಒಕ್ಕೂಟಕ್ಕೆ ಕಾನೂನಿನ ಬುಡವೇ ಇಲ್ಲ, ಮೂಲ ಪತ್ರವೇ ಇಲ್ಲ’ ಎಂದು ಪ್ರತಿ ವರ್ಷ ಅದೇ ದಿನ ಹೇಳುತ್ತಾರೆ. ಫೆರಿಯಲ್ಲಿ ಜಾಂಜಿಬಾರ್‌ಗೆ ಹೋದರೆ ಅದೇ ದೇಶದೊಳಗೆ ನನ್ನ ಪಾಸ್‌ಪೋರ್ಟ್ ಮತ್ತೆ ಕೇಳುತ್ತಾರೆ. ಇದು ಒಂದು ದೇಶವೋ, ಎರಡೋ? ಅವರು ಹೇಳುವುದರಲ್ಲಿ ಹುರುಳಿದೆಯೇ?

ಉತ್ತರ: ಹುರುಳಿದೆ. ಆದರೆ ನಿಮ್ಮ ಸಹೋದ್ಯೋಗಿ ಬೆರಳು ತೋರಿಸುತ್ತಿರುವ ಜಾಗ ಸ್ವಲ್ಪ ತಪ್ಪು. ಮೂಲ ಪತ್ರ ಇದೆ, ಅದಕ್ಕೆ ಸಹಿಯೂ ಇದೆ. ಕೊರತೆ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ.

ಇಂದಿನ ತಾಂಜಾನಿಯಾದ ಮುಖ್ಯ ಭೂಭಾಗವಾದ ಟಾಂಗನಿಕಾ ಬ್ರಿಟಿಷರಿಂದ ಬಿಡುಗಡೆಯಾದದ್ದು 1961ರ ಡಿಸೆಂಬರ್ 9ರಂದು, ಜಾಂಜಿಬಾರ್ 1963ರ ಡಿಸೆಂಬರ್ 10ರಂದು. ಆರು ದಿನದೊಳಗೆ ಜಾಂಜಿಬಾರ್ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವೂ ಆಯಿತು. ತಿಂಗಳು ಕಳೆಯುತ್ತಲೇ, 1964ರ ಜನವರಿ 12ರಂದು, ಅಲ್ಲಿ ಕ್ರಾಂತಿ ನಡೆದು ಸುಲ್ತಾನ ಜಂಶೀದ್ ದೇಶ ಬಿಟ್ಟು ಓಡಿದರು. ಸ್ವಾತಂತ್ರ್ಯದ ಸಂವಿಧಾನ ಕಸದ ಬುಟ್ಟಿ ಸೇರಿತು. ಅಬೈದ್ ಅಮಾನಿ ಕರುಮೆ ಅಧ್ಯಕ್ಷರಾದರು, ‘ಕ್ರಾಂತಿ ಮಂಡಳಿ’ ಆಡಳಿತ ಹಿಡಿಯಿತು. ಇದಾಗಿ ನೂರು ದಿನವಷ್ಟೇ: ಏಪ್ರಿಲ್ 22ರಂದು ಟಾಂಗನಿಕಾ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಜಾಂಜಿಬಾರ್‌ಗೆ ಬಂದರು, ಇಬ್ಬರೂ ಒಕ್ಕೂಟದ ಒಪ್ಪಂದಕ್ಕೆ ಸಹಿ ಹಾಕಿದರು. 26ಕ್ಕೆ ಒಕ್ಕೂಟ ಜಾರಿಗೆ ಬಂತು. ಎರಡೂ ಕಡೆಯ ಮಣ್ಣನ್ನು ನ್ಯೆರೆರೆ ಒಂದು ಸೋರೆ ಬುರುಡೆಗೆ ಸುರಿದು ಬೆರೆಸುವ ಫೋಟೋವನ್ನು ನಿಮ್ಮ ಕಚೇರಿಯ ಗೋಡೆಯ ಮೇಲೋ, ಶಾಲೆಯ ಪುಸ್ತಕದಲ್ಲೋ ನೀವೂ ನೋಡಿರಬಹುದು.

ಇಷ್ಟು ಅವಸರ ಏಕೆ? ಶೀತಲ ಸಮರದ ಕಾಲ ಅದು. ಜಾಂಜಿಬಾರ್ ಆಫ್ರಿಕಾದ ಕ್ಯೂಬಾ ಆಗಿಬಿಡುತ್ತದೆ ಎಂಬ ಭಯ ಪಶ್ಚಿಮದ ದೇಶಗಳಿಗಿತ್ತು. ನ್ಯೆರೆರೆಯವರ ಸೈನ್ಯವೇ ಜನವರಿಯಲ್ಲಿ ದಂಗೆ ಎದ್ದು, ಅದನ್ನು ಅಡಗಿಸಲು ಅವರು ಬ್ರಿಟಿಷ್ ಪಡೆಯನ್ನು ಕರೆಸಬೇಕಾಗಿ ಬಂದಿತ್ತು. ಕರುಮೆಗೆ ಮಂಡಳಿಯೊಳಗೇ ಎದುರಾಳಿಗಳಿದ್ದರು. ಆಫ್ರಿಕಾ ಒಂದಾಗಬೇಕು ಎಂಬ ನ್ಯೆರೆರೆಯವರ ಹಂಬಲವೂ ನಿಜವಾದದ್ದೇ. ಈ ಕಾರಣಗಳ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ. ನಿಮ್ಮ ಪ್ರಶ್ನೆ ಕಾನೂನಿನದು, ಅದಕ್ಕೇ ಬರುತ್ತೇನೆ.

ಒಪ್ಪಂದದ ಎಂಟನೇ ಕಲಮನ್ನು ನಾನು ತರಗತಿಯಲ್ಲಿ ವಿದ್ಯಾರ್ಥಿಗಳಿಂದಲೇ ಜೋರಾಗಿ ಓದಿಸುತ್ತೇನೆ, ಏಕೆಂದರೆ ಇಡೀ ವ್ಯಾಜ್ಯ ಕೂತಿರುವುದು ಅಲ್ಲಿ. ಟಾಂಗನಿಕಾದ ಸಂಸತ್ತು ಒಂದು ಕಾನೂನು ಮಾಡಬೇಕು, ಜಾಂಜಿಬಾರ್‌ನ ಕ್ರಾಂತಿ ಮಂಡಳಿ ತನ್ನ ಮಂತ್ರಿ ಮಂಡಲದೊಡನೆ ಸೇರಿ ಇನ್ನೊಂದು ಕಾನೂನು ಮಾಡಬೇಕು. ಆ ಎರಡು ಕಾನೂನುಗಳು ಒಪ್ಪಂದವನ್ನು ಅನುಮೋದಿಸಬೇಕು. ಇದು ಆ ಕಲಮಿನ ಸಾರ. ಅಂದರೆ ಇಬ್ಬರು ಅಧ್ಯಕ್ಷರ ಸಹಿ ಸಾಲದು ಎಂದು ಸಹಿ ಹಾಕಿದವರೇ ಬರೆದುಕೊಂಡಿದ್ದಾರೆ. ಜಾಂಜಿಬಾರ್‌ನ ಕ್ರಾಂತಿ ಸರ್ಕಾರ ಆ ವರ್ಷವೇ ಮಾಡಿಕೊಂಡಿದ್ದ ಶಾಸನಾಧಿಕಾರದ ಕಾನೂನು ಕೂಡ ಇದನ್ನೇ ಹೇಳುತ್ತಿತ್ತು: ಕಾನೂನು ಮಾಡುವ ಅಧಿಕಾರ ಮಂಡಳಿಯದು, ಅಧ್ಯಕ್ಷರು ಅದನ್ನು ಮಂಡಳಿಯ ಪರವಾಗಿ, ಮಂಡಳಿಯ ಒಪ್ಪಿಗೆಯಿಂದ ಚಲಾಯಿಸಬೇಕು.

ನಮ್ಮ ಊರಿನ ಪಾಲು ಪಾರಿಕತ್ತು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಬ್ಬರು ಯಜಮಾನರು ಕೂತು ಪತ್ರ ಬರೆಯುತ್ತಾರೆ. ‘ಎರಡೂ ಮನೆಯ ಅಣ್ಣತಮ್ಮಂದಿರ ಸಹಿ ಬಿದ್ದ ಮೇಲೆಯೇ ಈ ಪತ್ರ ಊರ್ಜಿತ’ ಎಂದು ಪತ್ರದಲ್ಲೇ ಕಾಣಿಸುತ್ತಾರೆ. ಒಂದು ಮನೆಯವರು ಸಹಿ ಹಾಕಿದ್ದಾರೆ. ಇನ್ನೊಂದು ಮನೆಯವರ ಸಹಿ ಇರಬೇಕಾದ ಜಾಗದಲ್ಲಿ ಏನಿದೆ?

ಟಾಂಗನಿಕಾ ಕಡೆ ಅನುಮಾನವಿಲ್ಲ. ಏಪ್ರಿಲ್ 25ರ ಶನಿವಾರ ಸಂಸತ್ತನ್ನು ತುರ್ತಾಗಿ ಕರೆದು 1964ರ 22ನೇ ಕಾಯಿದೆಯನ್ನು ಅಂಗೀಕರಿಸಿದರು. ಜಾಂಜಿಬಾರ್ ಕಡೆಗೆ ಬಂದರೆ, ಆ ದ್ವೀಪದ ಸ್ವಂತ ರಾಜ್ಯಪತ್ರದಲ್ಲಿ ಅನುಮೋದನೆಯ ಕಾನೂನು ಪ್ರಕಟವಾದದ್ದೇ ಇಲ್ಲ. ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಇಸ್ಸಾ ಶಿವ್ಜಿ ಇದನ್ನು ಕಡತ ಕಡತವಾಗಿ ಹುಡುಕಿದವರು. ಅವರಿಗೆ ಸಿಕ್ಕಿದ್ದು ಟಾಂಗನಿಕಾದ ರಾಜ್ಯಪತ್ರದಲ್ಲಿ ಮೇ 1ರಂದು ಅಚ್ಚಾದ ಅಧಿಸೂಚನೆ 243. ಜಾಂಜಿಬಾರ್ ಇಂಥ ಕಾನೂನು ಮಾಡಿದೆ ಎಂದು ಅದು ಪಠ್ಯ ಕೊಡುತ್ತದೆ. ಅದರ ಕೆಳಗಿರುವ ಹೆಸರು ಕರುಮೆಯವರದಲ್ಲ, ಟಾಂಗನಿಕಾ ಸರ್ಕಾರದ ಕಾನೂನು ಅಧಿಕಾರಿಯದು. ಒಬ್ಬರ ಮನೆಯ ಒಪ್ಪಿಗೆಯನ್ನು ಇನ್ನೊಬ್ಬರ ಮನೆಯ ಗುಮಾಸ್ತ ಬರೆದು ಪ್ರಕಟಿಸಿದ ಹಾಗೆ. ಆಗ ಜಾಂಜಿಬಾರ್‌ನ ಅಟಾರ್ನಿ ಜನರಲ್ ಆಗಿದ್ದ ವುಲ್ಫ್‌ಗ್ಯಾಂಗ್ ಡೂರಾಡೊ, ಒಪ್ಪಂದದ ಬಗ್ಗೆ ತಮ್ಮ ಸಲಹೆಯನ್ನೇ ಕೇಳಲಿಲ್ಲ, ಅನುಮೋದನೆಯೂ ಆಗಲಿಲ್ಲ ಎಂದು ಮುಂದೆ ಬಹಿರಂಗವಾಗಿ ಹೇಳಿದರು. ಮಂಡಳಿಯಲ್ಲಿದ್ದವರ ನೆನಪುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಚರ್ಚೆ ಆಯಿತು, ಕೆಲವರು ಗೊಣಗಿದರು, ಕೊನೆಗೆ ಒಪ್ಪಿದರು ಎನ್ನುವವರಿದ್ದಾರೆ. ಮತಕ್ಕೆ ಹಾಕಲೇ ಇಲ್ಲ ಎನ್ನುವವರೂ ಇದ್ದಾರೆ.

2014ರಲ್ಲಿ ಹೊಸ ಸಂವಿಧಾನ ಬರೆಯಲು ಸೇರಿದ್ದ ಸಭೆಯಲ್ಲಿ ‘ಮೂಲ ಪ್ರತಿ ತೋರಿಸಿ’ ಎಂಬ ಕೂಗು ಎದ್ದಾಗ ಸರ್ಕಾರ ಸಹಿ ಇರುವ ಒಪ್ಪಂದವನ್ನು ತಂದು ತೋರಿಸಿತು. ಸಹಿ ಖೋಟಾ ಎಂದು ಕೆಲವರು ಗಲಾಟೆ ಮಾಡಿದರು. ಆ ಗಲಾಟೆಯಿಂದ ಮುಖ್ಯ ವಿಷಯ ಮರೆಗೆ ಸರಿದದ್ದು ನನಗೆ ಇವತ್ತಿಗೂ ಬೇಸರ. ಸಹಿ ನೂರಕ್ಕೆ ನೂರು ಅಸಲಿ ಎಂದಿಟ್ಟುಕೊಂಡರೂ ಎಂಟನೇ ಕಲಮಿನ ಪ್ರಶ್ನೆ ಇದ್ದಲ್ಲೇ ಇರುತ್ತದೆ. ನಿಮ್ಮ ಸಹೋದ್ಯೋಗಿಗೆ ಇದನ್ನು ಹೇಳಿ: ಕೇಳಬೇಕಾದದ್ದು ಒಪ್ಪಂದದ ಪತ್ರವನ್ನಲ್ಲ, ಮಂಡಳಿಯ ಕಾನೂನನ್ನು.

ಹಾಗಾದರೆ ಒಕ್ಕೂಟ ಅಸಿಂಧುವೇ? ಇಲ್ಲ ಎಂಬುದೇ ನನ್ನ ಅಭಿಪ್ರಾಯ. ಅಂತರರಾಷ್ಟ್ರೀಯ ಕಾನೂನಿನಲ್ಲಿ ರಾಷ್ಟ್ರದ ಮುಖ್ಯಸ್ಥ ಸಹಿ ಹಾಕಿದರೆ ಅದು ರಾಷ್ಟ್ರದ ಮಾತು. ‘ನಮ್ಮ ಮನೆಯೊಳಗಿನ ನಿಯಮ ಪಾಲನೆ ಆಗಿರಲಿಲ್ಲ’ ಎಂದು ಆಮೇಲೆ ಹೇಳಲು ಅವಕಾಶ ಬಹಳ ಕಿರಿದು. ಉಲ್ಲಂಘನೆ ಎದುರಿನವರಿಗೂ ಎದ್ದು ಕಾಣುವಂತಿರಬೇಕು, ಮೂಲಭೂತ ನಿಯಮದ್ದಾಗಿರಬೇಕು. ಇಲ್ಲಿ ನಿಯಮ ಒಪ್ಪಂದದೊಳಗೇ ಇತ್ತು, ಹಾಗಾಗಿ ‘ಎದುರಿನವರಿಗೆ ಗೊತ್ತಿರಲಿಲ್ಲ’ ಎನ್ನುವ ಹಾಗಿಲ್ಲ. ಅಷ್ಟರಮಟ್ಟಿಗೆ ಜಾಂಜಿಬಾರ್ ವಾದ ಗಟ್ಟಿ. ಆದರೆ ಅದೇ ಕಾನೂನು ಇನ್ನೊಂದು ಮಾತೂ ಹೇಳುತ್ತದೆ. ದೋಷ ಗೊತ್ತಿದ್ದೂ ಒಪ್ಪಂದದಂತೆ ನಡೆದುಕೊಂಡು ಬಂದರೆ ಆಕ್ಷೇಪಿಸುವ ಹಕ್ಕು ಹೋಗುತ್ತದೆ. ಕರುಮೆ ಒಕ್ಕೂಟದ ಮೊದಲ ಉಪಾಧ್ಯಕ್ಷರಾದರು. ವಿಶ್ವಸಂಸ್ಥೆಯಲ್ಲಿ ಎರಡು ಕುರ್ಚಿ ಒಂದಾಯಿತು, ಜಾಂಜಿಬಾರ್ ಆಕ್ಷೇಪಿಸಲಿಲ್ಲ. 1977ರಲ್ಲಿ ಎರಡೂ ಕಡೆಯ ಆಡಳಿತ ಪಕ್ಷಗಳೇ ಒಂದಾದವು. ಜಾಂಜಿಬಾರ್‌ನ 1984ರ ಸ್ವಂತ ಸಂವಿಧಾನವೂ ಒಕ್ಕೂಟವನ್ನು ಒಪ್ಪಿಕೊಂಡೇ ಬರೆದದ್ದು. ಮೌನ ಸಮ್ಮತಿ ಎನ್ನುತ್ತೇವಲ್ಲ, ಇದು ಮೌನಕ್ಕಿಂತ ದೊಡ್ಡ ಸಮ್ಮತಿ.

ಒಂದು ನೋವನ್ನು ಮಾತ್ರ ಇಲ್ಲಿ ಹೇಳಲೇಬೇಕು. ಸಮ್ಮತಿಸಿದ್ದು ಜನ ಅಲ್ಲ. ಟಾಂಗನಿಕಾದಲ್ಲಾಗಲಿ ಜಾಂಜಿಬಾರ್‌ನಲ್ಲಾಗಲಿ ಜನಮತ ಕೇಳಲಿಲ್ಲ. ಒಂದು ವರ್ಷದೊಳಗೆ ಸಂವಿಧಾನ ಸಭೆ ಕರೆಯುತ್ತೇವೆ ಎಂದು ಒಪ್ಪಂದದಲ್ಲಿ ಬರೆದಿದ್ದರು. 1965ರಲ್ಲಿ ಕಾಯಿದೆ ಮಾಡಿ ಅದನ್ನು ಮುಂದೂಡಿದರು. ‘ಶಾಶ್ವತ’ ಸಂವಿಧಾನ ಬಂದದ್ದು 1977ಕ್ಕೆ.

ನಿಜವಾದ ಕಾನೂನು ಜಗಳ ಇರುವುದು ಒಕ್ಕೂಟ ಹುಟ್ಟಿದ ರೀತಿಯಲ್ಲಲ್ಲ, ಬೆಳೆದ ರೀತಿಯಲ್ಲಿ ಎಂದು ನಾನು ನಂಬಿದ್ದೇನೆ. 1964ರಲ್ಲಿ ಜಾಂಜಿಬಾರ್ ಬಿಟ್ಟುಕೊಟ್ಟದ್ದು 11 ವಿಷಯ: ವಿದೇಶಾಂಗ, ರಕ್ಷಣೆ, ಪೊಲೀಸ್, ಪೌರತ್ವ, ವಲಸೆ, ವಿದೇಶಿ ಸಾಲ, ಸುಂಕ ಇತ್ಯಾದಿ. ಇವತ್ತು ಸಂವಿಧಾನದ ಪಟ್ಟಿಯಲ್ಲಿ 22 ಇವೆ. 1965ರಲ್ಲಿ ನಾಣ್ಯ ಮತ್ತು ಬ್ಯಾಂಕಿಂಗ್ ಸೇರಿತು, 1968ರಲ್ಲಿ ಖನಿಜ ತೈಲ, ಆಮೇಲೆ ಉನ್ನತ ಶಿಕ್ಷಣ, ಮೇಲ್ಮನವಿ ನ್ಯಾಯಾಲಯ, ರಾಜಕೀಯ ಪಕ್ಷಗಳ ನೋಂದಣಿ. ನಾಣ್ಯ ಹೋದರೆ ಲವಂಗ ಮಾರಿದ ದುಡ್ಡಿನ ಮೇಲಿನ ಹಿಡಿತವೂ ಹೋಯಿತು ಎಂದು ಜಾಂಜಿಬಾರಿಗಳು ಭಾವಿಸಿದರು. ನಮ್ಮ ಮಸಾಲೆ ಡಬ್ಬಿಗೂ ಬಂದು ಬೀಳುತ್ತಿದ್ದ ಅದೇ ಲವಂಗ ಆ ದ್ವೀಪಗಳ ಬದುಕಿನ ಬೆನ್ನೆಲುಬಾಗಿತ್ತು. ಈ ಸೇರ್ಪಡೆಗಳನ್ನು ಮಾಡಿದ್ದು ಒಕ್ಕೂಟದ ಸಂಸತ್ತು. ಇಬ್ಬರು ಸೇರಿ ಬರೆದ ಪತ್ರಕ್ಕೆ ಒಬ್ಬರೇ ಸಾಲು ಸೇರಿಸುತ್ತಾ ಹೋಗಬಹುದೇ? ಈಗಿನ ಸಂವಿಧಾನದ 98ನೇ ವಿಧಿ ಈ ಪಟ್ಟಿ ಬದಲಿಸಲು ಎರಡೂ ಕಡೆಯ ಸಂಸದರ ಪ್ರತ್ಯೇಕ ಮೂರನೇ ಎರಡರಷ್ಟು ಬಹುಮತ ಬೇಕು ಎನ್ನುತ್ತದೆ. ಒಳ್ಳೆಯ ಬೇಲಿ. ಆದರೆ ಪಟ್ಟಿಗೆ ಮೊದಮೊದಲು ಬಂದು ಸೇರಿದವನ್ನು ಈ ಬೇಲಿ ತಡೆದಿರಲಿಲ್ಲ. ‘ಕೇರೊ ಜಾ ಮುವುಂಗಾನೊ’, ಒಕ್ಕೂಟದ ಕಿರಿಕಿರಿಗಳು, ಎಂದು ನಿಮ್ಮ ಸುತ್ತಲಿನವರು ಆಡುವ ಮಾತು ಬಹುಮಟ್ಟಿಗೆ ಇದರ ಸುತ್ತಲೇ ತಿರುಗುತ್ತದೆ.

ಪಾಸ್‌ಪೋರ್ಟ್ ವಿಷಯ: ದೇಶ ಒಂದೇ, ಸರ್ಕಾರ ಎರಡು. ಟಾಂಗನಿಕಾ ತನ್ನ ಪ್ರತ್ಯೇಕ ಸರ್ಕಾರವನ್ನು ಒಕ್ಕೂಟದಲ್ಲಿ ಕರಗಿಸಿತು, ಜಾಂಜಿಬಾರ್ ಉಳಿಸಿಕೊಂಡಿತು. ವಲಸೆ ಒಕ್ಕೂಟದ ವಿಷಯವೇ ಆದರೂ ದ್ವೀಪಕ್ಕೆ ಬಂದಿಳಿಯುವ ವಿದೇಶಿಯರ ತಪಾಸಣೆ ರೂಢಿಯಲ್ಲಿ ಮುಂದುವರಿದಿದೆ. ಪಾಸ್‌ಪೋರ್ಟ್ ಕಿಸೆಯಲ್ಲಿಟ್ಟುಕೊಂಡೇ ಫೆರಿ ಹತ್ತಿ.

ಪ್ರಶ್ನೆ: ನಾನು ಧಾರವಾಡದಲ್ಲಿ ಕಾನೂನು ಓದುತ್ತಿದ್ದೇನೆ. ದೋಷ ಇದೆ ಎಂದಾದರೆ ಯಾವುದಾದರೂ ನ್ಯಾಯಾಲಯ ಇದನ್ನು ತೀರ್ಮಾನಿಸಬಹುದಲ್ಲವೇ? ಸೊಮಾಲಿಲ್ಯಾಂಡ್ ಕೂಡ ಇಂಥದೇ ವಾದ ಮಾಡುತ್ತದಲ್ಲ?

ಉತ್ತರ: ಪ್ರಯತ್ನಗಳು ಆಗಿವೆ. ಸುಮಾರು 40,000 ಜಾಂಜಿಬಾರಿಗಳ ಹೆಸರಿನಲ್ಲಿ ಒಕ್ಕೂಟದ ಸಿಂಧುತ್ವವನ್ನೇ ಪ್ರಶ್ನಿಸಿ ಪೂರ್ವ ಆಫ್ರಿಕಾ ನ್ಯಾಯಾಲಯಕ್ಕೆ ಅರ್ಜಿ ಹೋಗಿ, ವಜಾ ಆಯಿತು. ಒಕ್ಕೂಟ ಮತ್ತು ಜಾಂಜಿಬಾರ್ ನಡುವೆ ಸಂವಿಧಾನದ ಅರ್ಥದ ಬಗ್ಗೆ ತಕರಾರು ಬಂದರೆ ವಿಶೇಷ ಸಂವಿಧಾನ ನ್ಯಾಯಾಲಯ ಕೂರಬೇಕು ಎಂದು ತಾಂಜಾನಿಯಾ ಸಂವಿಧಾನವೇ ಹೇಳುತ್ತದೆ. ಅರ್ಧ ನ್ಯಾಯಾಧೀಶರು ಆ ಕಡೆಯವರು, ಅರ್ಧ ಈ ಕಡೆಯವರು. ತೀರ್ಪಿಗೆ ಎರಡೂ ಅರ್ಧಗಳಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಆ ಪೀಠ ಒಮ್ಮೆಯೂ ಕೂತಿಲ್ಲ. ಜಾಂಜಿಬಾರ್ ಅಧ್ಯಕ್ಷ ಅಬೂದ್ ಜುಂಬೆ ಅದರ ಮುಂದೆ ಹೋಗಲು ಸಿದ್ಧತೆ ನಡೆಸಿದ್ದರು. 1984ರ ಜನವರಿಯಲ್ಲಿ ಪಕ್ಷವೇ ಅವರಿಂದ ರಾಜೀನಾಮೆ ಪಡೆಯಿತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯಲ್ಲಿ ಕಾನೂನಿಗೆ ಬಿದ್ದ ದೊಡ್ಡ ಪೆಟ್ಟು ಇದು. ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂಬುದಕ್ಕಿಂತ, ಕೇಳಲು ಹೊರಟವರನ್ನು ಬಾಗಿಲಲ್ಲೇ ತಡೆದರು.

ಪರೀಕ್ಷೆಗೆ ಓದುವಾಗ 2000ದ ದೇಶದ್ರೋಹ ಮೊಕದ್ದಮೆಯನ್ನು ಬಿಡಬೇಡಿ. ಜಾಂಜಿಬಾರ್ ಸರ್ಕಾರದ ವಿರುದ್ಧ ದೇಶದ್ರೋಹ ಎಸಗಿದರು ಎಂದು 18 ಮಂದಿ ವಿರೋಧ ಪಕ್ಷದವರ ಮೇಲೆ ಆರೋಪವಿತ್ತು. ಜಾಂಜಿಬಾರ್ ಸಾರ್ವಭೌಮ ರಾಷ್ಟ್ರವಲ್ಲ, ಹಾಗಾಗಿ ಅದರ ವಿರುದ್ಧ ದೇಶದ್ರೋಹ ಸಾಧ್ಯವೇ ಇಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಆರೋಪಿಗಳು ಉಳಿದರು, ದ್ವೀಪದ ಸ್ವಾಭಿಮಾನಕ್ಕೆ ಏಟು ಬಿತ್ತು. 2010ರಲ್ಲಿ ಜಾಂಜಿಬಾರ್ ತನ್ನ ಸಂವಿಧಾನ ತಿದ್ದಿ, ಒಕ್ಕೂಟವನ್ನು ರಚಿಸಿರುವ ಎರಡು ದೇಶಗಳಲ್ಲಿ ತಾನೂ ಒಂದು ಎಂದು ಬರೆದುಕೊಂಡಿತು. ಎರಡೂ ಮಾತು ಇವತ್ತಿಗೂ ಜಾರಿಯಲ್ಲಿವೆ!

ಸೊಮಾಲಿಲ್ಯಾಂಡ್‌ನ ದೋಷ ಇನ್ನೂ ದಪ್ಪನೆಯದು. ಬ್ರಿಟಿಷ್ ಸೊಮಾಲಿಲ್ಯಾಂಡ್ 1960ರ ಜೂನ್ 26ಕ್ಕೆ ಸ್ವತಂತ್ರವಾಗಿ, ಜುಲೈ 1ಕ್ಕೆ ಇಟಲಿಯ ಆಡಳಿತದಲ್ಲಿದ್ದ ಸೊಮಾಲಿಯಾ ಜೊತೆ ಸೇರಿತು. ಉತ್ತರದವರು ಒಂದು ಪಠ್ಯ ಅಂಗೀಕರಿಸಿದರು, ದಕ್ಷಿಣದವರು ಬೇರೆಯದೇ ಪಠ್ಯಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟರು. ಇಬ್ಬರೂ ಒಂದೇ ಕಾಗದದ ಮೇಲೆ ಸಹಿ ಮಾಡಿರಲಿಲ್ಲ. 1961ರ ಜನವರಿ 31ರಂದು ಹೊಸ ಕಾಯಿದೆ ಮಾಡಿ, ಹಿಂದಿನ ಜುಲೈ 1ರಿಂದಲೇ ಜಾರಿ ಎಂದು ತೇಪೆ ಹಾಕಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಉತ್ತರದ ಕೆಲವು ಸೇನಾಧಿಕಾರಿಗಳು ಬಂಡೆದ್ದು ಸಿಕ್ಕಿಬಿದ್ದಾಗ, ಸಿಂಧುವಾದ ಒಕ್ಕೂಟ ಕಾನೂನೇ ಇಲ್ಲ ಎಂಬ ನೆಲೆಯಲ್ಲಿ ನ್ಯಾಯಾಧೀಶರು ಅವರನ್ನು ಬಿಟ್ಟರು. 1991ರ ಮೇ 18ರಂದು ಸೊಮಾಲಿಲ್ಯಾಂಡ್ ಹೊರಬಂದದ್ದಾಗಿ ಸಾರಿತು. ವ್ಯತ್ಯಾಸ ಗಮನಿಸಿ: ಜಾಂಜಿಬಾರ್‌ಗೆ ತನ್ನ ಸರ್ಕಾರ, ತನ್ನ ಶಾಸನಸಭೆ, ತನ್ನ ಅಧ್ಯಕ್ಷ ಉಳಿದರು, ಜಗಳವಾಡಲು ಒಂದು ಅಂಗಳ ಉಳಿಯಿತು. ಸೊಮಾಲಿಲ್ಯಾಂಡ್ ಎಲ್ಲವನ್ನೂ ಒಪ್ಪಿಸಿ ಕೈತೊಳೆದುಕೊಂಡಿತ್ತು. ನಂತರ ಬಂದ ಸರ್ವಾಧಿಕಾರದಲ್ಲಿ ಅದರ ಊರುಗಳ ಮೇಲೆಯೇ ಬಾಂಬು ಬಿದ್ದಾಗ ಹೇಳಿಕೊಳ್ಳಲು ಜಾಗವಿರಲಿಲ್ಲ.

ಪ್ರಶ್ನೆ: ಮಗ ಜಾಂಜಿಬಾರ್‌ನ ಐಐಟಿ ಮದ್ರಾಸ್ ಕ್ಯಾಂಪಸ್‌ಗೆ ಸೇರಬೇಕೆಂದಿದ್ದಾನೆ. ಈ ವಿವಾದದಿಂದ ಪದವಿಗೆ ತೊಂದರೆ ಆಗಬಹುದೇ? ನಾವು ಹುಬ್ಬಳ್ಳಿಯವರು.

ಉತ್ತರ: ಆಗುವುದಿಲ್ಲ, ನಿಶ್ಚಿಂತೆಯಿಂದ ಕಳಿಸಿ. 2023ರಲ್ಲಿ ಶುರುವಾದ ಆ ಕ್ಯಾಂಪಸ್‌ನ ಪದವಿ ಕೊಡುವುದು ಐಐಟಿ ಮದ್ರಾಸ್. ವೀಸಾ ಮತ್ತು ವಾಸದ ಪರವಾನಗಿ ತಾಂಜಾನಿಯಾ ಒಕ್ಕೂಟ ಸರ್ಕಾರದ ಕಾನೂನಿನಡಿ ಬರುತ್ತದೆ, ಏಕೆಂದರೆ ವಲಸೆ ಮೊದಲ 11ರ ಪಟ್ಟಿಯಲ್ಲೇ ಇತ್ತು. ಅರ್ಜಿಯಲ್ಲಿ ದೇಶದ ಹೆಸರು ಕೇಳಿದ ಕಡೆ ‘ತಾಂಜಾನಿಯಾ’ ಎಂದೇ ತುಂಬಿಸಿ. ಅಲ್ಲಿ ಸಿಗುವ ಗೆಳೆಯರು ‘ಇದು ಜಾಂಜಿಬಾರ್, ನಮ್ಮ ದೇಶ’ ಎಂದರೆ ಮಗ ಅದನ್ನೂ ಗೌರವದಿಂದ ಕೇಳಿಸಿಕೊಳ್ಳಲಿ.