ಅಜ್ಜಿಯ ಪ್ರಶ್ನೆಯಿಂದ ಆರಂಭಿಸಿ

ಪ್ರಿಯ ಸಹೋದರಿಯವರಿಗೆ ವಂದನೆಗಳು.

‘ಸಭೆಯಲ್ಲಿ ಸತ್ಯವೇದ ಬೋಧನೆ: ಏಳು ವಿಧಾನಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಗುಂಪು ಚರ್ಚೆ ಬೇಕು, ಪ್ರಶ್ನೋತ್ತರ ಬೇಕು, ಕಂಠಪಾಠ ಬೇಕು, ಪ್ರೊಜೆಕ್ಟರ್ ಬೇಕು. ಪುಟದ ತುಂಬ ‘ಬೇಕು’ಗಳೇ. ಇವುಗಳಲ್ಲಿ ಒಂದಾದರೂ ಒಂದು ಭಾನುವಾರ ಹೇಗೆ ನಡೆಯಿತು ಎಂಬುದು ಎಲ್ಲಿಯೂ ಇಲ್ಲ.

ಇಲ್ಲ ಎಂದದ್ದು ತಪ್ಪು. ನಾಲ್ಕನೆಯ ವಿಧಾನದ ಕೆಳಗೆ ಒಂದು ವಾಕ್ಯವಿದೆ. ಬೈಬಲಿನ ಯೆರೆಮೀಯ ಪುಸ್ತಕದ 29ನೆಯ ಅಧ್ಯಾಯವನ್ನು, ಅಂದರೆ ಬಾಬೆಲಿನಲ್ಲಿ (ಬ್ಯಾಬಿಲೋನ್) ಸೆರೆಯಲ್ಲಿದ್ದ ಯೆಹೂದ್ಯರಿಗೆ ಪ್ರವಾದಿ ಬರೆದ ಪತ್ರವನ್ನು, ಓದಿಸಿದಾಗ, ಓದು ಬಾರದ ಅಜ್ಜಿಯೊಬ್ಬರು, “ಎಪ್ಪತ್ತು ವರ್ಷ ಎಂದರೆ, ಕೇಳಿಸಿಕೊಂಡವರಲ್ಲಿ ಎಷ್ಟು ಮಂದಿ ಊರಿಗೆ ಮರಳಿದರು?” ಎಂದರು. ಮರುಸಾಲಿನಲ್ಲೇ ನೀವು ‘ಹೀಗೆ, ಸಂದರ್ಭ ಬಹಳ ಮುಖ್ಯ’ ಎಂದು ಬರೆದು ಐದನೆಯ ವಿಧಾನಕ್ಕೆ ಹೋಗಿದ್ದೀರಿ. ನಾನು ಅಲ್ಲಿಯೇ ನಿಂತೆ.

ದೇವರು ನಿಮ್ಮ ಹಿತವನ್ನೇ ಯೋಚಿಸುತ್ತಾನೆ ಎನ್ನುವ 11ನೆಯ ವಚನ ನಮ್ಮ ಕ್ಯಾಲೆಂಡರುಗಳಲ್ಲಿದೆ, ಪರೀಕ್ಷೆಗೆ ಹೊರಟ ಮಕ್ಕಳಿಗೆ ಕೊಡುವ ಚೀಟಿಗಳಲ್ಲಿದೆ. ಎಪ್ಪತ್ತು ವರ್ಷ ಕಳೆದ ಮೇಲೆ ಊರಿಗೆ ಮರಳಿಸುತ್ತೇನೆ ಎನ್ನುವ 10ನೆಯ ವಚನವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಓದಬಲ್ಲವರ ಕಣ್ಣು ಗೆರೆ ಎಳೆದಿಟ್ಟ ವಚನಕ್ಕೇ ಹಾರುತ್ತದೆ. ಅಜ್ಜಿಗೆ ಗೆರೆ ಇಲ್ಲ. ಪತ್ರವನ್ನು ಪತ್ರದಂತೆ ಕೇಳಿಸಿಕೊಂಡರು. ಕ್ರಿ.ಪೂ. 597ರಲ್ಲಿ ಸೆರೆಯಾಗಿ ಬಾಬೆಲಿಗೆ ಹೋದವರಿಗೆ ಬಂದ ಆ ಪತ್ರ, ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ ಎನ್ನುತ್ತದೆ. ಬೇಗ ಮರಳುವವರಿಗೆ ಯಾರೂ ಹಾಗೆ ಬರೆಯುವುದಿಲ್ಲ.

ಇಲ್ಲೇ ಒಂದು ತಿದ್ದುಪಡಿ. ‘ಅಧ್ಯಾಯದಿಂದ ಅಧ್ಯಾಯಕ್ಕೆ ಕಲಿಸುವುದೇ ಪ್ರಾಚೀನ ಕ್ರಮ’ ಎಂದಿದ್ದೀರಿ. ನಾವು ಬಳಸುವ ಅಧ್ಯಾಯ ವಿಂಗಡಣೆ 13ನೆಯ ಶತಮಾನದ್ದು; ಅದನ್ನು ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಮಾಡಿದರೆಂದು ಹೇಳುತ್ತಾರೆ. ಆ ವಿಂಗಡಣೆಯ ಗೆರೆಯ ಆಚೆ, 28ನೆಯ ಅಧ್ಯಾಯದಲ್ಲಿ, ಎರಡೇ ವರ್ಷಗಳಲ್ಲಿ ಎಲ್ಲರೂ ಮರಳುತ್ತಾರೆ ಎಂದು ಸಾರಿದ ಸುಳ್ಳು ಪ್ರವಾದಿ ಹನನ್ಯನಿದ್ದಾನೆ. ನಿಮ್ಮ ಪಾಠ 29ರಿಂದ ಶುರುವಾದ್ದರಿಂದ ಅವನು ಹೊರಗುಳಿದ. ಎರಡನ್ನೂ ಕೂಡಿಸಿ ಓದಿಸಿದ್ದರೆ ಅಜ್ಜಿಯ ಪ್ರಶ್ನೆ ಇನ್ನೂ ಹರಿತವಾಗುತ್ತಿತ್ತು.

ಮತ್ತೆ ಬರೆಯಿರಿ. ಆ ಒಂದು ತರಗತಿ ಸಾಕು. ಯಾರು ಓದಿದರು, ಎಷ್ಟು ಹೊತ್ತು, ಪ್ರಶ್ನೆ ಬಂದಾಗ ಮೊದಲು ಬಾಯಿ ತೆರೆದವರು ಯಾರು, ಸಭಾಪಾಲಕರು ಸುಮ್ಮನಿದ್ದರೇ? (ಇರುವುದು ಕಷ್ಟ, ಬಲ್ಲೆ.) ಯಾರಾದರೂ ತಪ್ಪು ಉತ್ತರ ಕೊಟ್ಟಿದ್ದರೆ ಅದನ್ನೂ ಬರೆಯಿರಿ. ಪ್ರೊಜೆಕ್ಟರ್ ಪ್ಯಾರಾ ಪೂರ್ತಿ ತೆಗೆಯಿರಿ. ಆರಂಭದಲ್ಲಿ ಪೋಣಿಸಿದ ಮೂರು ವಚನಗಳಲ್ಲಿ ನೆಹೆಮೀಯ 8:8 ಮಾತ್ರ ಇರಲಿ: ಅಲ್ಲಿ ಓದುವವರು ಓದಿ ಬಿಟ್ಟುಬಿಡಲಿಲ್ಲ, ಜನರಿಗೆ ತಿಳಿಯುವಂತೆ ಅರ್ಥ ಹೇಳಿದರು.

ಅಜ್ಜಿಯ ಮಾತು ಅಚ್ಚಾಗುವ ಮುನ್ನ ಅವರ ಒಪ್ಪಿಗೆ ಕೇಳಿ, ಹೆಸರು ಬೇಡ. ಅವರಿಗೆ ನೀವು ಅಂದು ಏನು ಉತ್ತರ ಹೇಳಿದಿರಿ? ಲೇಖನದಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.

ಇಂತಿ,
ಸಂಪಾದಕ