ಬಾರ್ ಮುಚ್ಚಿಸಿ ಅಂದ್ರೆ ಯಾವ ಬಾರ್ ಮೇಡಂ?

ಇಂದಿರಾನಗರದ ಓದುಗರೊಬ್ರ ಪತ್ರ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಿಲ್ಲ. ಉದ್ದ ಇತ್ತು, ಮುಖ್ಯವಾದಷ್ಟು ಇಲ್ಲಿದೆ:

"ಮಾನ್ಯ ಸಂಪಾದಕರೇ, ಹಿಂದಿನ ಸಂಚಿಕೆಯಲ್ಲಿ ಬೆಂಗಳೂರಿನ ಹಳೇ ಬಾರುಗಳ ಬಗ್ಗೆ ನಾಲ್ಕು ಪುಟ ಹೊಗಳಿ ಬರೆದಿದ್ದು ಓದಿ ಬೇಸರವಾಯಿತು. ನಮ್ಮ ಮನೆ ಹಿಂದಿನ ಕಟ್ಟಡದ ಟೆರೇಸ್ ಮೇಲೆ ಒಂದು ಲೌಂಜ್ ಬಂದಿದೆ. ರಾತ್ರಿ ಒಂದು ಗಂಟೆವರೆಗೆ ಕಿಟಕಿ ಗಾಜು ನಡುಗುತ್ತದೆ. ನಮ್ಮ ಯಜಮಾನರಿಗೆ ಬೈಪಾಸ್ ಆಗಿದೆ. ಪೊಲೀಸರು ಬಂದು ಮೀಟರ್ ಹಿಡಿದು ಎಲ್ಲ ಸರಿಯಿದೆ ಎಂದು ಹೇಳಿ ಹೋಗುತ್ತಾರೆ. ನಾವು ಬಂದಾಗ ಈ ಊರು ಹೀಗಿರಲಿಲ್ಲ. ಕುಡಿತಕ್ಕೆ ಮರ್ಯಾದೆ ತಂದುಕೊಡುವ ಬದಲು ಈ ಬಾರುಗಳನ್ನೆಲ್ಲ ಮುಚ್ಚಿಸಿ ಎಂದು ನೀವೇಕೆ ಬರೆಯಬಾರದು?"

ಮೇಡಂ, ಮೊದ್ಲು ಸೌಂಡ್ ವಿಷಯ ಮುಗಿಸ್ಬಿಡ್ತೀನಿ, ಯಾಕಂದ್ರೆ ಅದ್ರಲ್ಲಿ ನೀವು ನೂರಕ್ಕೆ ನೂರು ಸರಿ, ನನ್ನದು ಎರಡು ಮಾತಿಲ್ಲ. 2000ನೇ ಇಸ್ವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಮನೆಗಳಿರೋ ಏರಿಯಾದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ದಾಟಂಗಿಲ್ಲ. ರೋಡು ಕಮರ್ಷಿಯಲ್ ಅಂತ ಅವ್ರು ವಾದ ಹಾಕಿದ್ರೂ 55. ಈಗ ಮೀಟರ್ ಸರಿ ಇದೆ ಅನ್ನತ್ತೆ, ನಿಮ್ಮ ಗಾಜು ನಡುಗತ್ತೆ, ಎರಡೂ ನಿಜ ಇರಬಹುದು. ನಿಯಮದಲ್ಲಿ ಹೇಳಿರೋದು ಡೆಸಿಬೆಲ್-ಎ ಅನ್ನೋ ಅಳತೆ, ಅದು ಮನುಷ್ಯನ ಕಿವಿಗೆ ಹೊಂದ್ಸಿ ಮಾಡಿರೋದು, ಕೆಳಗಿನ ಸ್ವರಗಳನ್ನ ಅಂದ್ರೆ ಈ ಬೇಸ್ ಅಂತೀವಲ್ಲ ಅದನ್ನ ತುಂಬಾ ಕಡಿಮೆ ಲೆಕ್ಕಕ್ಕೆ ತಗೊಳತ್ತೆ. ಆದ್ರೆ ಗೋಡೆ ತೂರ್ಕೊಂಡು ಬರೋದು ಅದೇ ಬೇಸು. ಹಾಡು, ಮಾತು ಎಲ್ಲ ಆ ಕಟ್ಟಡದಲ್ಲೇ ಉಳ್ಕೊಂಡು ಡುಬ್ ಡುಬ್ ಅನ್ನೋದು ಮಾತ್ರ ನಿಮ್ಮ ಮಂಚದವರೆಗೂ ಬರತ್ತೆ. ಮುಂದಿನ ಸಲ ಅವ್ರು ಬಂದಾಗ ಗೇಟ್ ಹತ್ರ ನಿಂತ್ಕೊಂಡು ಅಳೆಯೋದು ಬೇಡ, ಬೆಡ್‌ರೂಮಿಗೆ ಕರ್ಕೊಂಡು ಹೋಗಿ, ಅದೇ ಮೀಟರಲ್ಲಿ ಬೇಸನ್ನೂ ಲೆಕ್ಕಕ್ಕೆ ತಗೊಳೋ ಸಿ ಅನ್ನೋ ಸೆಟ್ಟಿಂಗ್ ಇರತ್ತೆ, ಅದರ ರೀಡಿಂಗನ್ನೂ ಬರ್ಕೊಡಿ ಅನ್ನಿ. ಕೊಡಲ್ಲ ಅಂದ್ರೆ ಕೊಡಲ್ಲ ಅಂತಾನೇ ಬರೆಸ್ಕೊಳಿ.

ಇನ್ನೊಂದು ಕೇಳಿ. 2005ರಲ್ಲಿ ಬೆಂಗಳೂರು ಪೊಲೀಸರು ಸಾರ್ವಜನಿಕ ಮನರಂಜನೆ ಸ್ಥಳಗಳಿಗೆ ಲೈಸೆನ್ಸ್ ಬೇಕು ಅಂತ ಒಂದು ಆದೇಶ ಮಾಡಿದ್ರು, ಲೈವ್ ಬ್ಯಾಂಡಿನವ್ರು ಕೋರ್ಟಿಗೆ ಹೋದ್ರು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶ ಸರಿಯಾಗಿದೆ ಅಂತು. ಹಾಗಾಗಿ ನಿಮ್ಮ ಹಿಂದಿನ ಟೆರೇಸಿಗೆ ಆ ಲೈಸೆನ್ಸ್ ಇದೆಯಾ, ಟೆರೇಸ್ ಅನ್ನೋದು ಕಟ್ಟಡದ ಮಂಜೂರಾದ ಪ್ಲಾನಲ್ಲಿ ಏನಂತ ಇದೆ, ಇವೆರಡನ್ನ ಆರ್‌ಟಿಐ ಹಾಕಿ ಕೇಳಿ. ಸೌಂಡಿಗಿಂತ ಪೇಪರಲ್ಲಿ ಅವ್ರು ಬೇಗ ಸಿಕ್ಕಾಕೊಳ್ತಾರೆ.

ಇಷ್ಟು ನಿಮ್ಮ ಪರ. ಆದ್ರೆ ಕೊನೇ ಸಾಲಲ್ಲಿ "ಬಾರುಗಳನ್ನೆಲ್ಲ" ಅಂದ್ರಲ್ಲ, ಅಲ್ಲಿ ನನಗೆ ರೇಗಿಹೋಯ್ತು, ಕ್ಷಮಿಸಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ನಮ್ಮೂರಿನ ಹಳೇ ಕಸುಬು, ನೀವೂ ಅದಕ್ಕೇ ಕಬ್ಬಿಣ ಕಾಯಿಸ್ತಾ ಇದೀರ.

ಊರು ಹೀಗಿರ್ಲಿಲ್ಲ ಅಂತೀರ. ಊರಲ್ಲಿ ಕುಡಿತ ಇತ್ತು, ನಿಮ್ಮ ಕಿಟಕಿ ಹತ್ರ ಇರ್ಲಿಲ್ಲ ಅಷ್ಟೆ. 1809ರಲ್ಲಿ ಕಂಟೋನ್ಮೆಂಟ್ ಬಂದಾಗ್ಲೇ ಸೋಲ್ಜರ್‌ಗಳ ಜೊತೆ ಬಿಯರ್ರೂ ಬಂತು. ಈಗ ಬ್ಯಾಗಿಗೆ ಲಕ್ಷಗಟ್ಟಲೆ ಬೆಲೆ ಹೇಳೋ ಯುಬಿ ಸಿಟಿ ಇದ್ಯಲ್ಲ ವಿಠಲ್ ಮಲ್ಯ ರಸ್ತೆಯಲ್ಲಿ, ಅಲ್ಲಿ ಮುಂಚೆ ಇದ್ದಿದ್ದು ಬ್ರೂವರಿ. ಕಾಕ್‌ಬರ್ನ್ ರೋಡಿನ ಡ್ಯೂವರ್ಸ್ ಬಾರ್ 1933ರದ್ದು, ಬೆತ್ತದ ಕುರ್ಚಿ ಹಾಕಿರ್ತಿದ್ರು, ಈಗಿಲ್ಲ. ಎಂಬತ್ತರ ದಶಕದ ಕೊನೆಗೆ ಚರ್ಚ್ ಸ್ಟ್ರೀಟು, ರೆಸಿಡೆನ್ಸಿ ರೋಡಲ್ಲಿ ಪಬ್ಬುಗಳು ಬಂದ್ವು, ನಲ್ಲಿ ತಿರುಗ್ಸಿದ್ರೆ ಮಗ್ಗಿಗೆ ಡ್ರಾಟ್ ಬಿಯರ್, ಒಳಗೆ ಹೋದ್ರೆ ಆಕಾಶನೌಕೆ ಥರ ಇರ್ತಿದ್ದ ನಾಸಾ, ರೆಸ್ಟ್ ಹೌಸ್ ರೋಡಿನ ಪೆಕೋಸ್. ಬೇರೆ ಊರಿನ ಪತ್ರಿಕೆಗಳು ಇದನ್ನ ಪಬ್ ಸಿಟಿ ಅಂತ ಕರೆಯೋಕೆ ಶುರು ಮಾಡಿದ್ದೇ ಆಗ. ಆಗ ನೀವು ಯಾಕೆ ಪತ್ರ ಬರೀಲಿಲ್ಲ ಅಂದ್ರೆ ಅವೆಲ್ಲ ಪೇಟೆ ರಸ್ತೆಯಲ್ಲಿದ್ವು, ಮೇಲೆ ಯಾರೂ ಮಲಗ್ತಿರ್ಲಿಲ್ಲ. 2007ರಲ್ಲಿ ಮಂಜೂರಾದ ಮಾಸ್ಟರ್ ಪ್ಲಾನಲ್ಲಿ ಮನೆಗಳಿರೋ ಬಡಾವಣೆಯ ಅಗಲದ ರಸ್ತೆಗಳಿಗೆ ಅಂಗಡಿ ವ್ಯಾಪಾರಕ್ಕೆ ದಾರಿ ಬಿಟ್ರು ನೋಡಿ, ಅಲ್ಲಿಂದ ನಿಮ್ಮ ಕಷ್ಟ ಶುರು. ಬಾಡಿಗೆ ನಾಲ್ಕು ಪಟ್ಟು ಬರತ್ತೆ ಅಂದಾಗ ಬಡಾವಣೆಯ ಮನೆ ಓನರ್‌ಗಳೇ ಮುಂದೆ ಬಿದ್ದು ಬಿಲ್ಡಿಂಗ್ ಕೊಟ್ರು. ಬಾಟಲಿ ಮೇಲೆ ಕೋಪ ಮಾಡ್ಕೊಳೋ ಮುಂಚೆ ನಿಮ್ಮ ಸಂಘದ ಮೀಟಿಂಗಲ್ಲಿ ಪಕ್ಕದ ಕುರ್ಚಿಯಲ್ಲಿ ಯಾರು ಕೂತಿದಾರೆ ಒಮ್ಮೆ ನೋಡಿ.

ಈಗ ನಾವು ಬರ್ದ ಬಾರು ಯಾವ್ದು ಅಂತ ಹೇಳ್ತೀನಿ. ಕಲಾಸಿಪಾಳ್ಯ, ಮೆಜೆಸ್ಟಿಕ್ಕು, ಯಶವಂತಪುರ, ಎಲ್ಲಾ ಕಡೆ ಇರೋ ಆ ಕತ್ತಲೆ ಬಾರ್ ಅಂಡ್ ರೆಸ್ಟೋರೆಂಟು. ಸನ್‌ಮೈಕಾ ಟೇಬಲ್ಲು, ಕೂತ ತಕ್ಷಣ ನೀರಿನ ಬಾಟ್ಲು, ಒಂದು ಸಣ್ಣ ಪ್ಲೇಟಲ್ಲಿ ಸೌತೆಕಾಯಿ ಇಲ್ಲಾ ಕಡ್ಲೆಬೀಜ, ಮೆಣಸಿನ ಪುಡಿ ಉದುರ್ಸಿದ ಬೇಯಿಸಿದ ಮೊಟ್ಟೆ. ಎಷ್ಟು ಬಿಯರ್ ಆಯ್ತು ಅನ್ನೋದಕ್ಕೆ ಕಂಪ್ಯೂಟರ್ ಇಲ್ಲ, ಮುಚ್ಚಳಗಳನ್ನ ಸಪ್ಲೈಯರ್ ಟೇಬಲ್ ಮೂಲೆಗೆ ಸಾಲಾಗಿ ಇಡ್ತಾನೆ, ಬಿಲ್ಲಿನ ಹೊತ್ತಿಗೆ ಎಣಿಸ್ತಾನೆ. ಗಿರಾಕಿ ಅವನನ್ನ ಗುರೂ ಅಂತಾನೆ, ಅವನು ಗಿರಾಕೀನ ಅಣ್ಣ ಅಂತಾನೆ. ಅಲ್ಲಿ ಮ್ಯೂಸಿಕ್ ಇಲ್ಲ ಮೇಡಂ! ಮೂಲೆಯಲ್ಲಿ ಟಿವಿ, ಅದ್ರಲ್ಲಿ ಸೌಂಡಿಲ್ಲದ ಕ್ರಿಕೆಟ್ಟು. ನೈಂಟಿ, ಅಂದ್ರೆ ತೊಂಬತ್ತು ಎಂಎಲ್ ಹಾಕ್ಕೊಂಡು, ಒಂದು ಎಗ್ ರೈಸ್ ತಿಂದು, ಗಾರೆ ಕೆಲ್ಸದವ್ನು, ಲಾರಿ ಡ್ರೈವರ್ರು, ಕೋರ್ಟ್ ಟೈಪಿಸ್ಟು, ರಿಟೈರ್ಡ್ ಮೇಷ್ಟ್ರು ಒಂದೇ ಟೇಬಲ್ ಶೇರ್ ಮಾಡಿ ಎದ್ದು ಹೋಗ್ತಾರೆ. ಈ ಊರಲ್ಲಿ ಇವರೆಲ್ಲ ಒಂದು ಟೇಬಲ್ಲಿಗೆ ಕೂರೋ ಬೇರೆ ಜಾಗ ಯಾವ್ದಿದೆ ಹೇಳಿ, ದರ್ಶಿನಿಯಲ್ಲೂ ನಿಂತ್ಕೊಂಡೇ ತಿನ್ಬೇಕು.

ಅಲ್ಲಿ ಹೆಂಗಸರು ಕೂರೋಕಾಗಲ್ಲ ಅಂತ ನೀವು ಕೇಳಬಹುದು, ನಿಜ, ಪರದೆ ಹಾಕಿದ ಫ್ಯಾಮಿಲಿ ರೂಮು ಬಿಟ್ರೆ ಜಾಗ ಇಲ್ಲ. ಆ ಮಟ್ಟಿಗೆ ಪಬ್ಬುಗಳು ಮಾಡಿದ ಉಪಕಾರ ಒಪ್ಪಬೇಕು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡ್ಗೀರನ್ನ ಹೊಡೆದಿದ್ದನ್ನ ಟಿವಿಯಲ್ಲಿ ನೋಡಿದೀವಿ, ಆಗ ಈ ಪತ್ರಿಕೆ ಯಾವ ಕಡೆ ನಿಂತಿತ್ತು ಅಂತ ಹಳೇ ಓದುಗರಿಗೆ ಗೊತ್ತು.

ಆದ್ರೆ ಎರಡು ಬೆಂಕಿ ಕಥೆ ಹೇಳ್ತೀನಿ, ಕೇಳಿ. 2017ರ ಡಿಸೆಂಬರ್ 29, ಮುಂಬೈನ ಕಮಲಾ ಮಿಲ್ಸ್ ಆವರಣದಲ್ಲಿ ರೂಫ್‌ಟಾಪ್ ಪಬ್ಬಿಗೆ ಬೆಂಕಿ ಬಿದ್ದು 14 ಜನ ಹೋದ್ರು. ದೇಶವೆಲ್ಲ ಮಾತಾಡ್ತು, ನಮ್ಮ ಪಾಲಿಕೆಯವರೂ ಇಲ್ಲಿನ ಪಬ್ಬುಗಳ ಬೆಂಕಿ ಸುರಕ್ಷತೆ ಮಾತೆತ್ತಿದ್ರು. ಹತ್ತು ದಿನ ಕಳೀತು, ಜನವರಿ 8ರ ನಸುಕಿನಲ್ಲಿ ನಮ್ಮ ಕಲಾಸಿಪಾಳ್ಯದ ಕುಂಬಾರ ಸಂಘದ ಕಟ್ಟಡದಲ್ಲಿದ್ದ ಕೈಲಾಶ್ ಬಾರ್ ಅಂಡ್ ರೆಸ್ಟೋರೆಂಟಿಗೆ ಬೆಂಕಿ ಬಿತ್ತು. ಸತ್ತಿದ್ದು ಐದು ಜನ, ಐದೂ ಜನ ಅಲ್ಲಿ ಕೆಲಸ ಮಾಡೋರು, ತುಮಕೂರು, ಹಾಸನ, ಮಂಡ್ಯ ಕಡೆಯಿಂದ ಬಂದೋರು. ಬಾರ್ ಮುಚ್ಚಿದ್ ಮೇಲೆ ಒಳಗೇ ಮಲಗಿದ್ರು. ಯಾಕೆ ಒಳಗೆ ಮಲಗ್ತಾರೆ ಅಂದ್ರೆ ಅವ್ರ ಸಂಬಳಕ್ಕೆ ಈ ಊರಲ್ಲಿ ರೂಮ್ ಸಿಗಲ್ಲ, ಮಧ್ಯರಾತ್ರಿ ಟೇಬಲ್ ಒರೆಸಿ ಮುಗಿಯೋ ಹೊತ್ತಿಗೆ ಬಸ್ಸೂ ಇರಲ್ಲ. ಗಿರಾಕಿ ಎದ್ದು ಹೋದ ಅದೇ ಎರಡು ಬೆಂಚು ಸೇರ್ಸಿ ಮಲಗೋದು. ಕಮಲಾ ಮಿಲ್ಸ್ ಅಂದ್ರೆ ನೀವು ತಟ್ಟನೆ ಹಾಂ ಅಂತೀರ, ಕೈಲಾಶ್ ಬಾರ್ ಅಂದ್ರೆ? ಬೆಂಗಳೂರಿನವ್ರಿಗೇ ನೆನಪಿಲ್ಲ. ನಮ್ಮ ಆಫೀಸಲ್ಲೇ ಹೊಸ ಹುಡುಗ್ರನ್ನ ಕೇಳಿದೆ, ಒಬ್ರೂ ಕೇಳಿರ್ಲಿಲ್ಲ. ಆ ನಾಲ್ಕು ಪುಟ ಬರೆಸಿದ್ದು ಅದಕ್ಕೇ ಮೇಡಂ, ಕುಡಿತಕ್ಕೆ ಮರ್ಯಾದೆ ಕೊಡ್ಸೋಕಲ್ಲ, ಬಡಿಸೋನಿಗೆ.

ಸರ್ಕಾರ ಮುಚ್ಚಿಸೋಕೆ ಹೊರಟಾಗೆಲ್ಲ ಏನಾಗಿದೆ ನೋಡಿ. 2007ರ ಜುಲೈ 1ರಿಂದ ಸಾರಾಯಿ ನಿಂತೋಯ್ತು. ಊರೂರಲ್ಲಿ ಹೆಣ್ಮಕ್ಕಳು ಕಣ್ಣೀರಿಟ್ಟು ಕೇಳಿದ್ದು, ಅವ್ರ ಸಂಕಟ ಸುಳ್ಳಲ್ಲ. ಆದ್ರೆ ಪಾಕೆಟ್ ಕುಡೀತಿದ್ದವನು ಹಾಲು ಕುಡಿಯೋಕೆ ಶುರು ಮಾಡ್ಲಿಲ್ಲ, ಅದಕ್ಕಿಂತ ದುಡ್ಡು ಕೊಟ್ಟು ಚೀಪ್ ವಿಸ್ಕಿ ಕುಡಿದ, ದುಡ್ಡು ಅದೇ ಮನೆಯಿಂದ ಹೋಯ್ತು. ಆಮೇಲೆ ಹೈವೇಯಿಂದ 500 ಮೀಟರ್ ಒಳಗೆ ಮದ್ಯ ಇರಂಗಿಲ್ಲ ಅನ್ನೋ ಸುಪ್ರೀಂ ಕೋರ್ಟ್ ಆದೇಶ. 2017ರ ಜುಲೈ 1ಕ್ಕೆ ಎಂಜಿ ರೋಡು, ಬ್ರಿಗೇಡ್ ರೋಡು, ಚರ್ಚ್ ಸ್ಟ್ರೀಟಲ್ಲೂ ಶಟರ್ ಇಳೀತು, ಎಂಥ ಗಲಾಟೆ ಅಂತೀರ, ಪ್ರವಾಸೋದ್ಯಮ ಹೋಯ್ತು, ಐಟಿ ಹೋಯ್ತು, ಊರೇ ಹೋಯ್ತು ಅಂತ. ಸಿಟಿ ಒಳಗಿನ ರಸ್ತೆಗಳನ್ನ ಹೈವೇ ಪಟ್ಟಿಯಿಂದ ತೆಗಿಬಹುದು ಅಂತ ಆಯ್ತು, ಅವು ವಾಪಸ್ ತೆರೆದ್ವು. ತುಮಕೂರು ರೋಡಿನ, ಮೈಸೂರು ರೋಡಿನ ಬಾರಲ್ಲಿ ಗ್ಲಾಸ್ ತೊಳೀತಿದ್ದ ಹುಡುಗ್ರು ಆ ದಿನಗಳಲ್ಲಿ ಏನು ತಿಂದ್ರು ಅಂತ ಯಾವ ಪ್ಯಾನಲ್ ಚರ್ಚೆಯಲ್ಲೂ ಬರ್ಲಿಲ್ಲ.

ಲೈಸೆನ್ಸ್ ಕಥೆ ಇನ್ನೂ ಮಜಾ. 1992ರಿಂದ ವೈನ್ ಶಾಪಿನ ಸಿಎಲ್-2, ಸಾದಾ ಬಾರಿನ ಸಿಎಲ್-9 ಹೊಸದಾಗಿ ಕೊಡೋದು ನಿಲ್ಲಿಸಿದ್ರು. ಹಾಗಾಗಿ ಇರೋ ಲೈಸೆನ್ಸಿಗೆ ಕೋಟಿಗಟ್ಟಲೆ ರೇಟು, ಯಾರದೋ ಹೆಸರಲ್ಲಿ ಲೈಸೆನ್ಸು, ಯಾರೋ ನಡೆಸೋದು. ಆದ್ರೆ ರೂಮುಗಳಿರೋ ಹೋಟೆಲಿಗೆ ಸಿಎಲ್-7 ಸಿಗತ್ತೆ. ದುಡ್ಡಿದ್ದೋರು ರೂಮ್ ಕಟ್ಟಿದ್ರು ಅಥವಾ ಕಟ್ಟಿದ ಹಾಗೆ ತೋರ್ಸಿದ್ರು, ಟೆರೇಸಿಗೆ ಲೈಟ್ ಹಾಕಿದ್ರು. ನಿಮ್ಮ ಹಿಂದಿನ ಲೌಂಜ್ ಯಾವ ಲೈಸೆನ್ಸಲ್ಲಿದೆ ನೋಡಿ, ರೂಮ್ ಎಷ್ಟಿದೆ, ಅದ್ರಲ್ಲಿ ಯಾರಾದ್ರೂ ಇವತ್ತಿನವರೆಗೆ ಮಲಗಿದಾರಾ ಅದನ್ನೂ ವಿಚಾರ್ಸಿ. ಅಲ್ಲಿಗೆ ಹೋಗೋದಾದ್ರೆ ಬಾಗಿಲಲ್ಲಿ ಬೌನ್ಸರ್ರು, ಚಪ್ಪಲಿ ಆಗಲ್ಲ, ಒಂಟಿ ಗಂಡಸ್ರು ಆಗಲ್ಲ, ಪಂಚೆ ಅಂತೂ ಕೇಳ್ಲೇಬೇಡಿ. 2024ರ ಜುಲೈನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನ ಮಾಗಡಿ ರೋಡಿನ ಮಾಲೊಳಗೆ ಬಿಡ್ಲಿಲ್ಲ ಅಂತ ವಿಧಾನಸಭೆಯಲ್ಲಿ ಗದ್ದಲ ಆಗಿ, ಮಾಲನ್ನ ಏಳು ದಿನ ಮುಚ್ಚಿಸ್ತೀವಿ ಅಂತ ಮಂತ್ರಿಗಳೇ ಹೇಳಿದ್ರು. ಭಲೇ ಅಂದೆ ನಾನೂ. ಆದ್ರೆ ಅದೇ ರೂಲು ಈ ಊರಿನ ಎಷ್ಟೋ ಲೌಂಜಿನ ಬಾಗಿಲಲ್ಲಿ ಪ್ರತಿ ಶನಿವಾರ ನಡೆಯತ್ತೆ, ಅಲ್ಲಿ ಅದಕ್ಕೆ ಡ್ರೆಸ್ ಕೋಡ್ ಅಂತ ಬೋರ್ಡೇ ಹಾಕಿರ್ತಾರೆ, ಮಂತ್ರಿಗಳ ಮಕ್ಕಳೂ ಅದನ್ನ ಓದ್ಕೊಂಡೇ ಒಳಗೆ ಹೋಗ್ತಾರೆ.

ಇನ್ನು ಟೈಮಿನ ಮಾತು. 2008ರ ಸುಮಾರಿಗೆ ಹನ್ನೊಂದೂವರೆಗೆ ಲಾಠಿ ಹಿಡ್ಕೊಂಡು ಎಬ್ಬಿಸ್ತಿದ್ರು, ಈಗ ಒಂದು ಗಂಟೆ. ನೈಟ್ ಲೈಫ್ ಬೇಕು, ಎಕಾನಮಿ ಬೆಳೀಬೇಕು ಅಂತಾರೆ, ಬೆಳೀಲಿ. 2025-26ರ ಬಜೆಟಲ್ಲಿ ಅಬಕಾರಿಯಿಂದಲೇ 40,000 ಕೋಟಿ ಬರ್ಬೇಕು ಅಂತ ಗುರಿ ಇಟ್ಟಿದಾರೆ. ಅಷ್ಟು ದುಡ್ಡು ತಗೊಳೋರು ಒಂದು ಗಂಟೆಗೆ ಹೊರಗೆ ಬರೋ ಮನುಷ್ಯ ಮನೆಗೆ ಹೆಂಗೆ ಹೋಗ್ತಾನೆ ಅಂತ ಯೋಚನೆ ಮಾಡ್ಬೇಡ್ವಾ? ಮೆಟ್ರೋ ಹನ್ನೊಂದರ ಆಸುಪಾಸಿಗೆ ಕೊನೇ ಟ್ರೈನು, ಹೊಸ ವರ್ಷದ ರಾತ್ರಿ ಮಾತ್ರ ಜಾಸ್ತಿ ಹೊತ್ತು ಓಡ್ಸಿ ಫೋಟೋ ಹಾಕ್ತಾರೆ. ಕುಡಿದೋನು ಬೈಕ್ ಹತ್ತುತಾನೆ, ಮುಂದಿನ ಸರ್ಕಲ್ಲಲ್ಲಿ ಅದೇ ಸರ್ಕಾರದ ಪೊಲೀಸು ಊದು ಅಂತಾರೆ. ಗ್ಲಾಸ್ ತೊಳೆದೋನಿಗೆ ಬೈಕೂ ಇಲ್ಲ, ಅವನು ಬೆಂಚು ಜೋಡಿಸ್ಕೊಳ್ತಾನೆ.

ಕುಡಿಯದೇ ಇರೋರ ಗತಿ ಇದಕ್ಕಿಂತ ವಾಸಿಯೇನಿಲ್ಲ ಬಿಡಿ. ಸಾಯಂಕಾಲ ಆರಕ್ಕೆ ಕೆಲ್ಸ ಬಿಟ್ಟ ಇಬ್ರು ಸ್ನೇಹಿತರು ದುಡ್ಡು ಕೊಡ್ದೇ ಒಂದು ಗಂಟೆ ಎಲ್ಲಿ ಕೂರ್ಬೇಕು ಈ ಊರಲ್ಲಿ? ಕೆರೆಗೆ ಬೇಲಿ, ಬಸ್ ಸ್ಟಾಪಲ್ಲಿ ಜಾರೋ ಪೈಪಿನ ಸೀಟು, ಫುಟ್‌ಪಾತಲ್ಲಿ ಟ್ರಾನ್ಸ್‌ಫಾರ್ಮರ್ರು. ಕಾಫಿ ಅಂಗಡಿಯಲ್ಲಿ ಕೂತ್ರೆ ಇಬ್ರಿಗೆ ಐನೂರು. ಬಾರಲ್ಲಿ ನೈಂಟಿಗೆ ಎರಡು ಗಂಟೆ ಫ್ಯಾನ್ ಕೆಳಗೆ ಕೂರ್ಬಹುದು, ಏಳು ಅನ್ನೋರಿಲ್ಲ. ಕುಡಿತ ಒಳ್ಳೇದು ಅಂತ ನಾನು ಯಾವತ್ತೂ ಬರ್ದಿಲ್ಲ, ಬರೆಯೋದೂ ಇಲ್ಲ, ಎಷ್ಟೋ ಜನ ಕುರ್ಚಿ ಸಿಗತ್ತೆ ಅಂತಾನೂ ಬಾರಿಗೆ ಹೋಗ್ತಾರೆ ಅಂತ ಮಾತ್ರ ಹೇಳ್ತಿದೀನಿ.

ನಿಮ್ಮ ಅಕ್ಷರ ಚೆನ್ನಾಗಿದೆ, ಮಾತು ನೇರವಾಗಿದೆ, ಇಂಥ ಓದುಗರು ಕೋಪ ಮಾಡ್ಕೊಂಡ್ರೂ ನಮಗೆ ಬೇಕು. ಆರ್‌ಟಿಐಗೆ ಉತ್ತರ ಬಂದ್ರೆ ಲೈಸೆನ್ಸು, ಪ್ಲಾನು, ರೂಮಿನ ಲೆಕ್ಕ ಮೂರರ ಜೆರಾಕ್ಸೂ ಕಳ್ಸಿ, ನಾವು ಪರಿಶೀಲಿಸಿ ಕಟ್ಟಡದ ಮಾಲೀಕರ ಹೆಸರು ಸಮೇತ ಹಾಕ್ತೀವಿ. ಮೂಲೆ ಅಂಗಡಿಯ ಬಾರ್ ಮುಚ್ಚಿಸೋಕೆ ಸಹಿ ಸಂಗ್ರಹ ಅಂತ ಬಂದ್ರೆ ಮಾತ್ರ ಈ ವಿಳಾಸಕ್ಕೆ ಕಳಿಸ್ಬೇಡಿ.

— ಸಂಪಾದಕ