ಕೋಚಿಂಗ್‌ಗೆ 60 ಸಾವಿರ ಕೊಡಲಾ?

ಪ್ರಶ್ನೆ: ಮೇಡಂ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ನಡೆಸುತ್ತಿದ್ದೇನೆ. ಗಿರಾಕಿ ಚೆನ್ನಾಗಿದ್ದಾರೆ, ಆದರೆ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ. ಬಿಸಿನೆಸ್ ಕೋಚ್ ಒಬ್ಬರು ಮೂರು ತಿಂಗಳಿಗೆ 60 ಸಾವಿರ ಕೇಳುತ್ತಿದ್ದಾರೆ. ಸೇರಲಾ?
- ಒಬ್ಬ ಓದುಗರು

ಉತ್ತರ: ಈಗಲೇ ಬೇಡ. ಮೊದಲು ಒಂದು ತಿಂಗಳು ಹೋಟೆಲ್ ಲೆಕ್ಕ, ಮನೆ ಲೆಕ್ಕ ಬೇರೆ ಮಾಡಿ. ಗಲ್ಲಾಪೆಟ್ಟಿಗೆಯಿಂದ ಮನೆಗೆ ತೆಗೆದ 200 ರೂಪಾಯಿಯನ್ನೂ ಬರೆಯಿರಿ, ಫೋನ್‌ಪೇ ದುಡ್ಡಿಗೆ ಬೇರೆ ಖಾತೆ ಇಡಿ, ನಿಮಗೂ ಒಂದು ಸಂಬಳ ಹಾಕಿಕೊಳ್ಳಿ. ಬೆಳಿಗ್ಗೆ ಬೆಣ್ಣೆ ತೂಗಿ, ರಾತ್ರಿ ಉಳಿದದ್ದನ್ನು ತೂಗಿ, ಎಷ್ಟು ದೋಸೆ ಹೋಯಿತು ನೋಡಿ. ಒಂದು ದೋಸೆಗೆ 5 ಗ್ರಾಂ ಜಾಸ್ತಿ ಬಿದ್ದರೆ 200 ದೋಸೆಗೆ ಒಂದು ಕೆಜಿ ಹೋಯಿತಲ್ವಾ! ಸೋರಿಕೆ ಇಲ್ಲೇ ಸಿಕ್ಕರೆ ಕೋಚ್ ಯಾಕೆ, ಒಬ್ಬ ಒಳ್ಳೆ ಅಕೌಂಟೆಂಟ್ ಸಾಕು.

ಲೆಕ್ಕ ಸರಿಯಿದ್ದು, ಎರಡನೇ ಹೋಟೆಲ್ ತೆರೆಯಬೇಕು, ಕಾವಲಿ ಮುಂದಿನಿಂದ ನೀವು ಪಕ್ಕಕ್ಕೆ ಸರಿದರೂ ಕೆಲಸ ನಡೆಯಬೇಕು ಅಂತಿದ್ದರೆ ಆಗ ಕೋಚ್ ನಿಜಕ್ಕೂ ಉಪಯೋಗಕ್ಕೆ ಬರುತ್ತಾರೆ. ಅವರ ಹತ್ತಿರ ಕಲಿತ ಇಬ್ಬರು ಸಣ್ಣ ಹೋಟೆಲ್‌ನವರ ನಂಬರ್ ಕೇಳಿ, ನೀವೇ ಮಾತಾಡಿ. ದುಡ್ಡು ತಿಂಗಳು ತಿಂಗಳು ಕೊಡಿ. ಲಾಭ ಡಬಲ್ ಮಾಡಿಸುತ್ತೇನೆ ಅನ್ನುವವರನ್ನು ಬಿಡಿ. ಇದಕ್ಕಾಗಿ ಸಾಲ ಮಾತ್ರ ಮಾಡಬೇಡಿ. ಸುಮ್ನೆ ಒಮ್ಮೆ ನಿಮ್ಮೂರಿನ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ ಹೋಗಿ, ಯಾವ ತರಬೇತಿ ಇದೆ ಕೇಳಿ ಬನ್ನಿ.